ಹರಳಿನ ಲೆಕ್ಕ ಕೊಟ್ಟುಬಿಟ್ಟ ಸರ್

ಸರ್ ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸದಾ ಕೂಡಿಕೊಂಡೇ ಇರುತ್ತಿದ್ದವು, ಕಣ್ಣಿಗೆ ಕಾಣದ್ದೇನನ್ನೋ ಹಿಡಿದುಕೊಂಡವರ ಹಾಗೆ. ಬಸ್ಸಿನ ಟಿಕೆಟ್ಟನ್ನು ಹಾಗೇ ಹಿಡಿಯುತ್ತಿದ್ದರು, ಸೀಮೆಸುಣ್ಣವನ್ನೂ ಹಾಗೇ. ಉಪ್ಪು ಹಾಕಲು ಹೊರಟಿರೇನು ಎಂದು ಸ್ಟಾಫ್ ರೂಮಿನಲ್ಲಿ ನಾವು ಅವರನ್ನು ಕಾಡುತ್ತಿದ್ದೆವು. ಅವರು ನಕ್ಕುಬಿಡುತ್ತಿದ್ದರು. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಸಣ್ಣ ಗಾಜಿನ ನಳಿಗೆಗಳೊಳಗೆ ಪ್ರೋಟೀನಿನ ಹರಳುಗಳನ್ನು ಇಳಿಸಿ ಇಳಿಸಿ ಆ ಬೆರಳುಗಳಿಗೆ ಅದೇ ಅಭ್ಯಾಸವಾಗಿತ್ತು ಎಂದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ.

ಹುಮನಾಬಾದಿನ ಕಾಲೇಜಿನಲ್ಲಿ ಅವರು ಕೆಮಿಸ್ಟ್ರಿ, ನಾನು ಕನ್ನಡ. ಇಬ್ಬರೂ ಬಸವಕಲ್ಯಾಣದವರು, ದಿನಾ ಅಪ್-ಡೌನ್. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಸ್ಸು ಬಂಗ್ಲಾ ಕ್ರಾಸ್ ದಾಟಿ ಹೈವೇ ಹಿಡಿಯುವವರೆಗೆ ಅವರು ಬಾಯಿ ಬಿಡುತ್ತಿರಲಿಲ್ಲ. ನಾನೋ ಸುಮ್ಮನೆ ಕೂರಲಾರದ ಮನುಷ್ಯ. ನನ್ನ ಕಾಟ ತಾಳಲಾರದೆ ಅವರು ಮಾತಿಗಿಳಿದರು ಎಂದೇ ಹೇಳಬೇಕು.

ಅವರು ನನ್ನನ್ನು ಮೊದಲ ಸಲ ಮನೆಗೆ ಕರೆದದ್ದು ಗೆಳೆತನಕ್ಕಲ್ಲ, ಅಗತ್ಯಕ್ಕೆ. ಒಂದು ಭಾನುವಾರ ಮಧ್ಯಾಹ್ನ ಬಸವಕಲ್ಯಾಣದ ಬಜಾರಿನಲ್ಲಿ ಸಿಕ್ಕಿ ತೋಳು ಹಿಡಿದುಕೊಂಡರು. "ಸರ, ಊಟ ಆಗಿಲ್ಲಲ್ರಿ? ನಡೀರಿ ಜರಾ. ನಮ್ಮವ್ವ ಹಸಕೊಂಡು ಕುಂತಾಳ." ಅವರ ತಾಯಿಗೆ ಏನಾದರೂ ಕಾಯಿಲೆಯಿರಬೇಕೆಂದು ನಾನು ಓಡಿದೆ. ಹೋಗಿ ನೋಡಿದರೆ ಮುದುಕಿ ಗಟ್ಟಿಯಾಗಿದ್ದಳು. ಹೊರಗಿನವರು ಒಬ್ಬರಾದರೂ ಉಂಡ ಹೊರತು ಆ ಮನೆಯವರು ಉಣ್ಣುತ್ತಿರಲಿಲ್ಲ. ಅವರ ಮನೆತನದ ದಾಸೋಹ ಅದು. ತಂದೆ ಬದುಕಿದ್ದಾಗ ಬಸ್‌ಸ್ಟ್ಯಾಂಡಿಗೆ ಹೋಗಿ ಯಾರನ್ನಾದರೂ ಕರೆತರುತ್ತಿದ್ದರಂತೆ. ಬಂದವನ ಹೆಸರು ಕೇಳುವಂತಿಲ್ಲ, ತಿರುಗಿ ಏನನ್ನೂ ಬಯಸುವಂತಿಲ್ಲ. ಪುಕ್ಕಟೆ ಊಟಕ್ಕೆ ಅಷ್ಟು ಮರ್ಯಾದೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅಲ್ಲಿಂದ ಮುಂದೆ ಬಸ್ಸಿನಲ್ಲಿ ಅವರ ಹಳೆಯ ಬದುಕು ಸ್ವಲ್ಪ ಸ್ವಲ್ಪವೇ ಹೊರಬಂತು. ಮನುಷ್ಯನ ಜೀವಕೋಶದ ಪೊರೆಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳಿರುತ್ತವೆ. ಅಂಥದೊಂದು ಗ್ರಾಹಕ ಅವರ ಕೆಲಸವಾಗಿತ್ತು. ನನಗೆ ತಿಳಿಯಲಿಲ್ಲ ಎಂದಾಗ ಅವರು ಹೇಳಿದ್ದು ಇಂದಿಗೂ ನೆನಪಿದೆ.

"ವಾಡೇದ ಬಾಗಿಲಾಗ ಒಬ್ಬಾಕಿ ಮುದುಕಿ ಕುಂತಿರ್ತಾಳ ನೋಡ್ರಿ. ಹೊರಗ ಯಾರು ಬಂದಾರ ಅಂತ ಒಳಗಿನವರಿಗಿ ಕೂಗಿ ಹೇಳ್ತಾಳ. ಬಂದವರು ಒಳಗ ಹೋಗಂಗಿಲ್ಲ, ಆಕಿನೂ ಏಳಂಗಿಲ್ಲ. ಆದ್ರ ಸುದ್ದಿ ಮುಟ್ತದ."

ನಾವು ನುಂಗುವ ಎಷ್ಟೋ ಔಷಧಿಗಳು ಮಾತಾಡುವುದು ಆ ಮುದುಕಿಯ ಜೊತೆಗೇ. ಅವಳು ಹೇಗೆ ಕೂತಿದ್ದಾಳೆಂದು ಗೊತ್ತಾದರೆ ಸರಿಯಾದ ಔಷಧಿ ಮಾಡುವುದು ಸುಲಭ. ಅದಕ್ಕಾಗಿ ಗ್ರಾಹಕವನ್ನು ಹರಳಾಗಿಸಿ, ಅದರ ಮೇಲೆ ಎಕ್ಸ್-ರೇ ಹಾಯಿಸಿ, ಫಿಲ್ಮಿನ ಮೇಲೆ ಬೀಳುವ ಚುಕ್ಕಿಗಳನ್ನು ಅಳೆಯಬೇಕು. ಹರಳು ಮಾತ್ರ ಸುಲಭಕ್ಕೆ ಒಲಿಯುವುದಿಲ್ಲ. ಸರ್ ಮತ್ತು ಅವರ ಜೊತೆಗೆ ಓದುತ್ತಿದ್ದ ಒಬ್ಬ ಹುಡುಗಿ ವರ್ಷಗಟ್ಟಲೆ ಕೂತು ಅದನ್ನು ಒಲಿಸಿಕೊಂಡಿದ್ದರು. ಚುಕ್ಕಿಗಳ ಅಳತೆಯೆಲ್ಲ ಕಂಪ್ಯೂಟರಿನ ಒಂದು ಟೇಪಿನಲ್ಲಿತ್ತು. ಚುಕ್ಕಿಗಳಿಂದ ಆಕಾರ ಬಿಡಿಸುವುದೊಂದು ಬಾಕಿ.

ಆಗ ಹೊರದೇಶದ ಒಂದು ಪ್ರಯೋಗಾಲಯದವರು ಪತ್ರ ಬರೆದು ಆ ಅಳತೆ ಕೇಳಿದರು. ಸಂಶೋಧನೆಯ ಗೈಡ್ ಊರಲ್ಲಿರಲಿಲ್ಲ. ಇವರು ಟೇಪಿನ ಪ್ರತಿ ಮಾಡಿ ಅಂಚೆಗೆ ಹಾಕಿಬಿಟ್ಟರು. ಆಕಾರ ಸಿಕ್ಕ ಮೇಲೆ ಎಲ್ಲರಿಗೂ ಸಿಗುವ ಕಡೆ ಇಡಿ ಎಂದಷ್ಟೇ ಜೊತೆಗೆ ಬರೆದರು. ಕೇಳಿಕೊಂಡು ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವುದು ಆ ಮನೆಯ ಮಗನಿಗೆ ಗೊತ್ತಿರಲಿಲ್ಲ. ಬಂದವರು ಉಂಡು ಎಲೆ ಸಮೇತ ಎತ್ತಿಕೊಂಡು ಹೋಗಬಹುದೆಂಬುದೂ ಗೊತ್ತಿರಲಿಲ್ಲ.

ಆ ಹೊರದೇಶದವರು ಆಕಾರ ಬಿಡಿಸಿದರು. ಲೇಖನ ಬಂತು, ಬಣ್ಣದ ಚಿತ್ರವೂ ಬಂತು. ಇವರ ಹೆಸರಿರಲಿಲ್ಲ, ಆ ಹುಡುಗಿಯದೂ ಇರಲಿಲ್ಲ. ಯಾವ ಪರಮಾಣು ಎಲ್ಲಿದೆ ಎನ್ನುವ ಅಂಕಿಗಳನ್ನು ಬೇರೆಯವರಿಗೆ ಕೊಡಲೂ ಇಲ್ಲ. ಹಣ ಹಾಕಿದ ಔಷಧಿ ಕಂಪನಿಯ ಒಪ್ಪಿಗೆ ಬೇಕಂತೆ. ಅಂಕಿಗಳಿಲ್ಲದೆ ಬರಿಯ ಚಿತ್ರ ಇಟ್ಟುಕೊಂಡು ಯಾರೂ ಏನೂ ಮಾಡುವಂತಿಲ್ಲ. ಗೈಡ್ ಆ ಕೆಲಸವನ್ನೇ ಮುಚ್ಚಿ ಇವರನ್ನು ಹೊರಗೆ ಹಾಕಿದರು. ಆ ಹುಡುಗಿ ಥೀಸಿಸ್ ಬಿಟ್ಟು ಎಲ್ಲೋ ಹೋದಳು.

ಇದನ್ನು ಕೇಳಿ ನಾನು ಆ ಹೊರದೇಶದವರಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಕನ್ನಡ ಮೇಷ್ಟ್ರಿಗೆ ಬೈಗುಳಕ್ಕೆ ಬರವೇ? ಮುಂದಿನ ಸೀಟಿನವರು ತಿರುಗಿ ನೋಡಿದರು. ಸರ್ ನನ್ನ ಮೊಣಕೈ ಹಿಡಿದರು.

"ಬೈಬ್ಯಾಡ್ರಿ ಸರ. ನಂದು ಹೋಗಿದ್ದಕ್ಕ ನನಗ ದುಃಖ ಇಲ್ಲ. ಆದ್ರ ನಾ ನೀಡಿದ್ದು ನಂದಷ್ಟ ಅಲ್ರಿ, ಆ ಹುಡುಗೀದೂ ಇತ್ತು. ಆಕಿಗಿ ಕೇಳಲಾರದ ನೀಡಿಬಿಟ್ಟೀನಿ. ನಾಕು ಮಂದಿಗಿ ಸಿಕ್ಕಿದ್ರ ಆಕಿ ಕಷ್ಟಕ್ಕ ಒಂದು ಅರ್ಥ ಇರ್ತಿತ್ತು."

ಅವರ ಉಳಿದ ಆಯುಷ್ಯವೆಲ್ಲ ಆ ಒಂದು ಮಾತಿನಲ್ಲಿತ್ತು. ಹುಮನಾಬಾದಿಗೆ ಇಂಟರ್ನೆಟ್ ಬಂದ ಮೇಲೆ ಕಾಲೇಜು ಬಿಟ್ಟ ಕೂಡಲೇ ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋಗುತ್ತಿದ್ದರು. ಜಗತ್ತಿನ ವಿಜ್ಞಾನಿಗಳು ಪ್ರೋಟೀನುಗಳ ಅಂಕಿಗಳನ್ನು ತಂದಿಡುವ, ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಒಂದು ಭಂಡಾರ ಇಂಟರ್ನೆಟ್ಟಿನಲ್ಲಿತ್ತು. ತಮ್ಮ ಗ್ರಾಹಕದ ಅಂಕಿಗಳನ್ನು ಹುಡುಕುತ್ತಿದ್ದರು, ಸಿಗುತ್ತಿರಲಿಲ್ಲ. ಅಲ್ಲೇ ಕೂತು ಆ ಪ್ರಯೋಗಾಲಯಕ್ಕೆ ಮೇಲ್ ಬರೆಯುತ್ತಿದ್ದರು. ಮೊದಮೊದಲು ಪರಿಶೀಲಿಸುತ್ತೇವೆ ಎಂದು ಉತ್ತರ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ನಾನು ಹೊರಗೆ ಚಹಾ ಕುಡಿಯುತ್ತ ಕಾಯುತ್ತಿದ್ದೆ. ಅವರು ಚಪ್ಪಲಿ ಮೆಟ್ಟುವ ರೀತಿಯಲ್ಲೇ ಏನೂ ಇಲ್ಲವೆಂದು ತಿಳಿಯುತ್ತಿತ್ತು. ಆಮೇಲಾಮೇಲೆ ಕೇಳುವುದನ್ನೇ ಬಿಟ್ಟೆ. ದಿನದಿಂದ ದಿನಕ್ಕೆ ಅವರು ಬತ್ತಿಹೋಗುವುದನ್ನು ನೋಡುವುದು ನನಗೆ ಸಂಕಟವಾಗುತ್ತಿತ್ತು. ಮದುವೆಯಾಗಲಿಲ್ಲ. ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು.

ಒಂದು ಮಳೆಗಾಲ ಜ್ವರ ಬಂದು ಮಲಗಿದವರು ಏಳಲಿಲ್ಲ. ಬೀದರಿನ ದವಾಖಾನೆಗೆ ಸೇರಿಸುವ ಹೊತ್ತಿಗೆ ಕೈಮೀರಿತ್ತು. ನಾನು ನೋಡಲು ಹೋದಾಗ ಪ್ರಜ್ಞೆಯಿತ್ತು. ಭಂಡಾರ ನೋಡಿದಿರಾ ಎಂದು ಕೇಳಿದರು. ನೋಡಿದೆ, ಇನ್ನೂ ಇಲ್ಲ ಎಂದೆ. ತಲೆಯಾಡಿಸಿದರು.

ಮಣ್ಣು ಮಾಡಿ ಬಂದ ಮೇಲೆ ಒಂದು ದಿನ ಅವರ ತಾಯಿ ಹೇಳಿಕಳಿಸಿದಳು. ಮಗ ಹೈದರಾಬಾದ್ ಯಾಕೆ ಬಿಟ್ಟನೆಂದು ಅವಳಿಗೆ ತಿಳಿದಿರಲಿಲ್ಲ. ಹುದ್ದೆ ಮುಗೀತು ಎಂದಷ್ಟೇ ಹೇಳಿದ್ದರಂತೆ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಬಾಗಿಲ ಕಡೆ ನೋಡುತ್ತ ಕೇಳಿಸಿಕೊಂಡಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು. "ಕೊಟ್ಟಿದ್ದು ಯಾರಿಗರ ಮುಟ್ಟೇದೇನ್ರಿ ಮಾಸ್ತರೆ?"

ಇನ್ನೂ ಇಲ್ಲ ಎಂದೆ.

"ಹಂಗಾದ್ರ ನೀವು ಬರೀರಿ," ಎಂದಳು.

ಬರೆದೆ. ನನ್ನ ಇಂಗ್ಲಿಷ್ ದೇವರಿಗೇ ಪ್ರೀತಿ. ಅದೇ ಅಂಗಡಿಯಲ್ಲಿ ಕೂತು, ಅಕ್ಷರ ಹುಡುಕಿ ಹುಡುಕಿ ಒತ್ತಿ, ಅವರು ತೀರಿಕೊಂಡದ್ದನ್ನೂ ಅವರ ಆಸೆಯನ್ನೂ ಬರೆದೆ. ಈ ಸಲ ಉತ್ತರ ಬೇಗ ಬಂತು. ಸಂತಾಪ ತಿಳಿಸಿದ್ದರು. ಆ ಕಂಪನಿ ಈ ಕೆಲಸವನ್ನು ಎಂದೋ ಕೈಬಿಟ್ಟಿದೆ, ಪ್ರಯೋಗಾಲಯದ ಆ ವಿಭಾಗವೂ ಮುಚ್ಚಿದೆ, ಹಳೆಯ ಅಂಕಿಗಳನ್ನು ಯಾರೂ ಕಾದಿಟ್ಟಿಲ್ಲ ಎಂದು ಬರೆದಿದ್ದರು. ಅವರಿಗೂ ಬೇಡವಾಗಿತ್ತು, ಬೇರೆಯವರಿಗೂ ಸಿಗಲಿಲ್ಲ.

ಹೇಳಲೆಂದೇ ಬಸವಕಲ್ಯಾಣದ ಆ ಮನೆಗೆ ಹೋದೆ. ಮುದುಕಿ ನನ್ನನ್ನು ಕಂಡದ್ದೇ ತಾಟು ಹಾಕಿದಳು. ಬಡಿಸುತ್ತ, ಉತ್ತರ ಬಂತೇ ಎಂದು ಕೇಳಿದಳು. ಬಂದಿಲ್ಲ ಎಂದೆ.

"ಬರ್ತದ ತಗೋರಿ," ಎಂದಳು. "ಉಂಡವರೂ ಮಂದಿನೇ ಅಲ್ಲೇನ್ರಿ? ಇವತ್ತಿಲ್ಲ ನಾಳಿಗಿ ಇನ್ನೊಬ್ಬರಿಗಿ ನೀಡ್ತಾರ."

ಮತ್ತೊಂದು ರೊಟ್ಟಿ ಹಾಕಿದಳು. ಬೇಡವೆನ್ನಲಾಗಲಿಲ್ಲ. ಅವಳು ಇನ್ನೂ ಉಂಡಿರಲಿಲ್ಲ.