ತಣ್ಣಗಾದ ಒಂದು ಗೇಣು ಕೊಳವೆ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಅಂಟುಪಟ್ಟಿ ತಯಾರಿಸುವ ಕಾರ್ಖಾನೆಯ ಚಿಮಣಿಯ ಅಟ್ಟಣೆಯಲ್ಲಿ ನಿಂತ ಹೆಂಗಸೊಬ್ಬರು ಉದ್ದನೆಯ ಕೊಳವೆಯ ತುದಿಯನ್ನು ಚಿಮಣಿಯ ತೂತಿಗೆ ತೂರಿಸುತ್ತಿದ್ದಾರೆ. ಇನ್ನೊಂದು ತುದಿ ಕೆಳಗಿನ ವ್ಯಾನಿನಲ್ಲಿರುವ ಯಂತ್ರಕ್ಕೆ ಸೇರಿದೆ. ಕಾರ್ಮಿಕರು ಇವರನ್ನು ಕರೆಯುವುದು ‘ವಾಸನೆ ಅಕ್ಕ’ ಎಂದು. ತಮಾಷೆಯೆಂದರೆ, ಇವರ ಮೈಮೇಲೆ ಯಾವ ವಾಸನೆಯೂ ಇರುವಂತಿಲ್ಲ. ಯಂತ್ರ ಅದನ್ನೂ ಹಿಡಿದುಬಿಡುತ್ತದೆ. “ಸೆಂಟು, ಉಗುರುಬಣ್ಣ ಎಲ್ಲಾ ಬಿಟ್ಟು ಎಷ್ಟೋ ವರ್ಷ ಆಯ್ತು. ಮದುವೆಮನೆಗೂ ಹೀಗೇ ಹೋಗ್ತೀನಿ,” ಎಂದು ಅವರ ಕೆಲಸ ನೋಡಲು ಜೊತೆಗೆ ಬಂದ ನನಗೆ ಹೇಳಿ ಸಣ್ಣಗೆ ನಗುತ್ತಾರೆ.

ಅಂಟನ್ನು ತೆಳ್ಳಗಾಗಿಸುವ ದ್ರಾವಕ ಒಣಗುವಾಗ ಆವಿಯಾಗಿ ಚಿಮಣಿ ಸೇರುತ್ತದೆ. ಎಷ್ಟು ಹೊರಬೀಳುತ್ತಿದೆ ಎಂದು ಅಳೆಯುವುದು ಇವರ ಕೆಲಸ. ಆ ಗಾಳಿಯೊಳಗೆ ಯಂತ್ರ ಅತಿಗೆಂಪು ಬೆಳಕು ಹಾಯಿಸುತ್ತದೆ. “ಒಂದೊಂದು ಆವಿ ಒಂದೊಂದು ಥರದ ಬೆಳಕು ನುಂಗುತ್ತೆ. ಯಾವುದು ಕಮ್ಮಿ ಆಯ್ತು ಅಂತ ನೋಡಿದ್ರೆ ಸಾಕು, ಕಳ್ಳ ಸಿಕ್ಕಿಬೀಳ್ತಾನೆ.”

ಇವತ್ತು ಮಾತ್ರ ಅಕ್ಕನ ಮುಖದಲ್ಲಿ ನಗು ಕಡಿಮೆ. ಅಂಟು ಬಳಿಯುವ ವಿಭಾಗದಲ್ಲಿ ಕೆಲಸ ಮಾಡುವವನು ಇವರ ಸ್ವಂತ ತಮ್ಮ. ಆವಿ ಮಿತಿ ಮೀರಿದ್ದರೆ ಅದನ್ನು ಹಿಡಿದಿಡುವ ಚಿಮಣಿಯ ಫಿಲ್ಟರ್ ಬದಲಿಸುವವರೆಗೆ ಆ ವಿಭಾಗ ಬಂದ್, ಅವನ ಸಂಬಳವೂ ಬಂದ್. ಅವನ ಮನೆಯಿರುವುದು ಕಾರ್ಖಾನೆಯ ಹಿಂದಿನ ಓಣಿಯಲ್ಲೇ.

ಅಕ್ಕ ಕೆಳಗಿಳಿದು ಯಂತ್ರ ನೋಡಿದಾಗ ಮೊದಲ ಅಂಕಿ ಮಿತಿಯೊಳಗೇ ಬರುತ್ತದೆ. ಮ್ಯಾನೇಜರಿಗೆ ಹೋದ ಜೀವ ಬಂದಂತಾಗಿ ಎಲ್ಲರಿಗೂ ಚಹಾ ತರಿಸುತ್ತಾರೆ. ಅಕ್ಕ ಲೋಟ ಪಕ್ಕಕ್ಕಿಟ್ಟು, ಮಗುವಿನ ಜ್ವರ ನೋಡುವವರಂತೆ ಅಂಗೈ ಮಗುಚಿ ಕೊಳವೆಯುದ್ದಕ್ಕೂ ಮುಟ್ಟುತ್ತಾ ಹೋಗುತ್ತಾರೆ. ಬಾಗಿದ ಒಂದು ಕಡೆ ಕೈ ನಿಲ್ಲುತ್ತದೆ. ಅಲ್ಲೊಂದು ಗೇಣು ತಣ್ಣಗಿದೆ. “ಕರೆಂಟಲ್ಲಿ ಕಾಯೋ ಕೊಳವೆ ಇದು, ಪೂರ್ತಿ ಬಿಸಿ ಇರ್ಬೇಕು. ತಣ್ಣಗಿರೋ ಕಡೆ ಆವಿ ಗೋಡೆಗೇ ಅಂಟ್ಕೊಳ್ಳುತ್ತೆ, ಯಂತ್ರದ ತನಕ ಬರೋದೇ ಇಲ್ಲ.”

“ಒಳ್ಳೆ ಅಂಕಿ ಬಂದಿದೆಯಲ್ಲಮ್ಮ, ಸುಮ್ನೆ ಯಾಕೆ ಕೆದಕ್ತೀರಿ?” ಮ್ಯಾನೇಜರ್ ಗೋಗರೆಯುತ್ತಾರೆ.

ಅಕ್ಕ ಕೊಳವೆ ಬದಲಾಯಿಸಿ, ಬಿಸಿಯೇರುವವರೆಗೆ ಕಾದು, ಮತ್ತೆ ಅಳೆಯುತ್ತಾರೆ. ಈ ಸಲ ಅಂಕಿ ಮಿತಿ ದಾಟಿ ನಿಲ್ಲುತ್ತದೆ.

ಮಧ್ಯಾಹ್ನಕ್ಕೆ ಮುಂಚೆಯೇ ಅಂಟು ಬಳಿಯುವ ಯಂತ್ರಗಳ ಸದ್ದು ನಿಲ್ಲುತ್ತದೆ. ಊಟದ ಡಬ್ಬಿ ಬಿಚ್ಚದೆ ಮನೆಗೆ ಹೊರಟ ತಮ್ಮ ವ್ಯಾನಿನ ಹತ್ತಿರ ನಿಂತು ನನಗೆ ಹೇಳುತ್ತಾನೆ: “ಬೇರೆಯವರ ಅಕ್ಕಂದಿರು ಕೆಲಸ ಕೊಡಿಸ್ತಾರೆ. ನಮ್ಮಕ್ಕನ್ನ ನೋಡಿ.” ಅಕ್ಕನ ಕಡೆ ತಿರುಗಿಯೂ ನೋಡದೆ ಹೋಗುತ್ತಾನೆ.

ಅಕ್ಕ ಕೊಳವೆ ಸುತ್ತುತ್ತಲೇ ಇದ್ದಾರೆ. ಬೇಜಾರಾಯಿತೇ ಎಂದು ಕೇಳುತ್ತೇನೆ.

“ಆಗದೇ ಇರುತ್ತಾ? ಎತ್ತಿ ಆಡಿಸಿದ ತಮ್ಮ,” ಎನ್ನುತ್ತಾರೆ. ಸುತ್ತಿದ ಕೊಳವೆಯನ್ನು ವ್ಯಾನಿಗೆ ಏರಿಸುತ್ತಾ, “ಚಿಮಣಿ ಮೇಲೆ ನಿಂತ್ರೆ ಅವನ ಮನೆ ಕಿಟಕಿ ಕಾಣುತ್ತೆ. ಪಾಪು ಹುಟ್ಟಿದಾಗಿಂದ ಈ ವಾಸನೆಗೆ ಹೆದರಿ ಮುಚ್ಚೇ ಇಟ್ಟಿದ್ದಾರೆ. ಮುಂದಿನ ಸಲ ಹತ್ತಿದಾಗ ಅದು ತೆಗೆದಿರ್ಬೇಕು, ಅಷ್ಟೇ. ಅವನು ಮಾತಾಡೋದು ನಿಧಾನಕ್ಕಾದ್ರೂ ಪರವಾಗಿಲ್ಲ.”