ಬಾಳೆನಾರಿನ ಮಲ್ಲಿಗೆ

ತಿರುಗುತ್ತಿದ್ದ ಲೇತ್ ಮೆಷಿನ್ ಮೇಲೆ ಬಗ್ಗಿದ್ದೆ. ಯಾರೋ ತಲೆಯನ್ನು ಹಿಡಿದೆಳೆದಂತಾಗಿ, ಮರುಕ್ಷಣ ಬಿಟ್ಟುಹೋಯಿತು. ಕಬ್ಬಿಣದ ಚೂರುಗಳ ಮೇಲೆಲ್ಲ ಮಲ್ಲಿಗೆ ಚೆಲ್ಲಿತ್ತು. ಜಡೆಯನ್ನು ಕ್ಯಾಪಿನೊಳಗೆ ಸೇರಿಸಿದ್ದೆ. ಹೊರಗೆ ಇಳಿಬಿದ್ದಿದ್ದ ಹೂವನ್ನು ಮರೆತಿದ್ದೆ.

ಕಾರ್ಕಳದ ಆ ವರ್ಕ್‌ಶಾಪಿನಲ್ಲಿ ನನಗದು ಮೊದಲ ವಾರ. ಹೆಂಗಸು ನಾನೊಬ್ಬಳೇ. ಮೇಸ್ತ್ರಿ ಮೆಷಿನ್ ನಿಲ್ಲಿಸಿ, ಸುತ್ತಿಕೊಂಡಿದ್ದ ನಾರನ್ನು ಬಿಡಿಸಿ ನನ್ನ ಕೈಗಿಟ್ಟರು.

"ಬಾಳೆನಾರು ಆದ ಕಾರಣ ತುಂಡಾಯಿತು ಮಾರಾಯ್ತಿ. ನೂಲಾಗಿದ್ದರೆ ಕೂದಲು ಸಮೇತ ಎಳೀತಿತ್ತು."

ಉಳಿದವರು ಒಮ್ಮೆ ನೋಡಿ ತಮ್ಮ ಕೆಲಸಕ್ಕೆ ಮರಳಿದರು. ಚೂರುಗಳ ನಡುವಿನಿಂದ ಒಬ್ಬಳೇ ಹೂ ಹೆಕ್ಕಿದೆ.

ಶಂಕರಪುರದ ನಮ್ಮ ಮನೆಯಲ್ಲಿ ಹೂ ಕಟ್ಟುವ ಅಮ್ಮನಿಗೆ ಇದನ್ನು ಹೇಳಿಲ್ಲ. ಈಗಲೂ ದಿನಾ ಬೆಳಿಗ್ಗೆ ಮುಡಿಸಿ ಕಳಿಸುತ್ತಾರೆ. ಬಸ್ಸಿನಲ್ಲಿ ತೆಗೆದು ಬುತ್ತಿಯ ಚೀಲದಲ್ಲಿಡುತ್ತೇನೆ. ಸಂಜೆ ಮನೆಯ ಗೇಟಿನ ಹೊರಗೆ ನಿಂತು, ಬಾಡಿದ್ದನ್ನೇ ಮತ್ತೆ ಮುಡಿದುಕೊಂಡು ಒಳಗೆ ಹೋಗುತ್ತೇನೆ.