ಸ್ಪಷ್ಟವಾಗಿದ್ದ ಕಿಟಕಿ

ಚಾಮರಾಜಪುರಂನ ಡ್ರಾಯಿಂಗ್ ಮೇಷ್ಟ್ರು ತಮ್ಮ ಹಳೆಯ ಫಿಲ್ಮ್ ಕ್ಯಾಮೆರಾವನ್ನು ರಿಪೇರಿಗೆಂದು ನನ್ನ ಕೈಗೆ ಕೊಟ್ಟಾಗ ಅದರ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು. ಆ ಬಗೆಯ ಕ್ಯಾಮೆರಾದಲ್ಲಿ ಅದು ಸಹಜವೇ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದಂತೆ ಎರಡು ಬಿಂಬಗಳು ಸರಿದು ಒಂದರ ಮೇಲೊಂದು ಕೂರುತ್ತವೆ. ಕೂತರೆ ಫೋಕಸ್ ಸರಿ. ಮೇಷ್ಟ್ರದು ಎಷ್ಟು ತಿರುಗಿಸಿದರೂ ಕೂರುತ್ತಿರಲಿಲ್ಲ.

ಅವರ ಹೆಂಡತಿಗೆ ಕೀಮೋ ಶುರುವಾಗುವುದರಲ್ಲಿತ್ತು. ಕೂದಲು ಉದುರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸೊಂಟ ದಾಟುವ ಜಡೆ ಆ ಅಮ್ಮನದು. ಫೋನು ಹಿಡಿದರೆ ಮುಖ ತಿರುಗಿಸುವವರು, ಈ ಕ್ಯಾಮೆರಾಕ್ಕಾದರೆ ಕೂರುತ್ತೇನೆ ಎಂದಿದ್ದರಂತೆ.

ಕುವೆಂಪುನಗರದ ನಮ್ಮ ತಾರಸಿಯಿಂದ ಚಾಮುಂಡಿ ಬೆಟ್ಟದ ಗೋಪುರ ಕಾಣುತ್ತದೆ. ದೂರದ ಹೊಂದಿಕೆಗೆ ನಾನು ಯಾವಾಗಲೂ ಅದನ್ನೇ ನೋಡುವುದು. ಹತ್ತಿರದ ಹೊಂದಿಕೆಗೆ ಕೆಳಗಿನ ಕೋಣೆಯಲ್ಲಿ ಟೇಪಿನಿಂದ ಅಳೆದು ಒಂದು ಕಡ್ಡಿ ನಿಲ್ಲಿಸುತ್ತೇನೆ. ಎರಡಕ್ಕೂ ಬೇರೆ ಬೇರೆ ತಿರುಪು. ಹತ್ತಿರದ್ದನ್ನು ಸರಿಮಾಡಿದರೆ ದೂರದ್ದು ಸ್ವಲ್ಪ ಕದಲುತ್ತದೆ, ದೂರದ್ದನ್ನು ಮುಟ್ಟಿದರೆ ಹತ್ತಿರದ್ದು. ಎರಡೂ ಒಪ್ಪುವವರೆಗೆ ಕೋಣೆಗೂ ತಾರಸಿಗೂ ಓಡಾಡಬೇಕು.

ಕೆಲವು ದಿನಗಳಿಂದ ಬೆಟ್ಟಕ್ಕೆ ಮೋಡ ಮುಸುಕಿತ್ತು, ಹತ್ತಿರದ್ದನ್ನು ಹೊಂದಿಸಿಟ್ಟು ಕಾದಿದ್ದೆ. ಆ ಬೆಳಿಗ್ಗೆ ತೆರವಾಯಿತು. ದೂರದ ತಿರುಪನ್ನು ಸಾಸಿವೆಯಷ್ಟು ತಿರುಗಿಸಿದೆ, ಗೋಪುರ ಒಂದಾಯಿತು. ಅಷ್ಟು ಚೊಕ್ಕವಾಗಿ ಕೂತದ್ದು ಕಂಡು ಖುಷಿಯಾಯಿತು. ಅಷ್ಟರಲ್ಲಿ ಮೇಷ್ಟ್ರ ಫೋನು ಬಂತು, ನಾಳೆಯೇ ಅಡ್ಮಿಟ್ ಅಂತೆ. ಹತ್ತಿರದ್ದನ್ನು ಮತ್ತೆ ನೋಡದೆ ಮುಚ್ಚಳ ಹಾಕಿ ಕೊಟ್ಟುಬಿಟ್ಟೆ. ಅವಸರ ಅವರದಾಗಿತ್ತು ಎನ್ನಬಹುದು. ಆದರೆ ಒಮ್ಮೆ ಮೆಟ್ಟಿಲಿಳಿದು ನೋಡುವಷ್ಟು ಹೊತ್ತು ನನಗಿತ್ತು.

ಫಿಲ್ಮು ಬೆಂಗಳೂರಿಗೆ ಹೋಗಿ ತೊಳೆದು ಬರುವಷ್ಟರಲ್ಲಿ ಅಮ್ಮನ ತಲೆ ಬರಿದಾಗಿತ್ತು. ಫೋಟೊ ನೋಡಲು ಮೇಷ್ಟ್ರು ಕರೆದರು, ಹೋದೆ.

ಕಿಟಕಿಯ ಮುಂದೆ ಕೂತ ಅಮ್ಮ, ಹೆಗಲ ಮೇಲಿಂದ ಮುಂದಕ್ಕೆ ಹಾಕಿಕೊಂಡ ಜಡೆ, ಮಲ್ಲಿಗೆ. ಎಲ್ಲ ಫೋಟೊಗಳಲ್ಲೂ ಅವರು ಹಬೆ ಹಿಡಿದ ಗಾಜಿನಾಚೆ ಇದ್ದಂತಿದ್ದರು. ಹಿಂದಿನ ಕಿಟಕಿ ಸರಳಿನಲ್ಲಿ ಪೇಂಟು ಎದ್ದದ್ದು ಮಾತ್ರ ಚಕ್ಕೆ ಚಕ್ಕೆಯಾಗಿ ಕಾಣುತ್ತಿತ್ತು.

"ಊರ ಮಕ್ಕಳಿಗೆಲ್ಲ ಚಿತ್ರ ಕಲಿಸಿದವ್ರು, ಹೆಂಡ್ತೀನ ಬಿಟ್ಟು ಕಿಟಕಿ ಫೋಟೊ ತೆಗ್ದಿದಾರೆ ನೋಡಿ," ಎಂದು ಅಮ್ಮ ತಲೆಯ ಸ್ಕಾರ್ಫು ಸರಿಮಾಡಿಕೊಳ್ಳುತ್ತ ನಕ್ಕರು. "ಮಲ್ಲಿಗೇನೂ ಅದಕ್ಕೇ ಮುಡಿಸ್ಬೇಕಿತ್ತು."

ಮೇಷ್ಟ್ರು ನಗಲಿಲ್ಲ. "ನನ್ ಕಣ್ಣು ಹೋಯ್ತು ಕಣಪ್ಪ. ಒಂದಾಗಿ ಕಾಣ್ತು ಅಂತ್ಲೇ ಒತ್ತಿದ್ದು. ಇನ್ ನಂಗ್ಯಾಕೆ ಈ ಕ್ಯಾಮೆರಾ? ನೀನೇ ಇಟ್ಕೊಂಡ್ಬುಡು."

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಅಮ್ಮನ ಹೊಲಿಗೆ ಟೇಪು ಕೇಳಿ ತೆಗೆದುಕೊಂಡೆ. ಕಿಟಕಿಯಿಂದ ಒಂದೂವರೆ ಮೀಟರು ಅಳೆದು, ಅಲ್ಲಿ ನಿಂತು ಸರಳಿನ ಎರಡು ಬಿಂಬಗಳನ್ನು ಕೂರಿಸಿದೆ. ಒಂದೂವರೆಯಲ್ಲಿ ನಿಲ್ಲಬೇಕಾದ ಉಂಗುರ ಎರಡು ಮೀಟರಿನ ಗುರುತಿನ ಹತ್ತಿರ ನಿಂತಿತ್ತು. ಮತ್ತೊಮ್ಮೆ ಕೂರಿಸಿದೆ. ಅಲ್ಲೇ ನಿಂತಿತು.

"ನಿಮ್ಮ ಕಣ್ಣಲ್ಲ ಮೇಷ್ಟ್ರೇ. ಕ್ಯಾಮೆರಾ ಹತ್ತಿರಕ್ಕೆ ಸರಿಯಿಲ್ಲ. ನಾನು ನೋಡ್ದೆ ಕೊಟ್ಬುಟ್ಟೆ."

ಅವರು ಕ್ಯಾಮೆರಾ ಕಸಿದುಕೊಂಡು ಕಣ್ಣಿಗೆ ಹಿಡಿದರು. "ಅಂದ್ರೆ ನಾನ್ ನೋಡಿದ್ದು ಸರಿಯಾಗೇ ಇತ್ತು!" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ದನಿಯಲ್ಲಿದ್ದ ಸಮಾಧಾನವನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಅಮ್ಮ ಈಗ ನಗುತ್ತಿರಲಿಲ್ಲ. ತಪ್ಪು ಗಂಡನ ಕಣ್ಣಿನದು ಅಂದುಕೊಂಡಷ್ಟು ಹೊತ್ತು ಅದು ತಮಾಷೆಯಾಗಿತ್ತು.

"ಅವತ್ತೇ ನೋಡಿದ್ರೆ ಗೊತ್ತಾಗ್ತಿತ್ತಾ?" ಎಂದು ನನ್ನನ್ನು ಕೇಳಿದರು.

"ಗೊತ್ತಾಗ್ತಿತ್ತಮ್ಮ."

ಅವರು ಫೋಟೊಗಳನ್ನು ಒಂದರ ಮೇಲೊಂದು ಜೋಡಿಸಿ ಎತ್ತಿಕೊಂಡು ಒಳಗೆ ಹೋದರು. ಮೇಷ್ಟ್ರು ಇನ್ನೂ ಕಿಂಡಿಯಿಂದ ಕಣ್ಣು ತೆಗೆದಿರಲಿಲ್ಲ.

"ಬಾರೇ ಇಲ್ಲಿ, ಟೇಪಲ್ಲೇ ಅಳ್ದು ಒಂದ್ ತೆಗೀತೀನಿ," ಎಂದು ಕೂಗಿದರು.

ಒಳಗೆ ಬೀರು ಮುಚ್ಚಿದ ಸದ್ದು ಕೇಳಿತು.